ಗಣಿತದ ನೋಟ್ಸ್ ಬೇರೆ, ಕಾನೂನಿನ ನೋಟ್ಸ್ ಬೇರೆ

ಯಾವ ವಿಷಯಕ್ಕೇ ಆಗಲಿ, ನೋಟ್ಸ್ ಮಾಡಲು ಕೂತಾಗ ನಾನು ಮೊದಲು ತೆರೆಯುವುದು ಹಳೆಯ ಪ್ರಶ್ನೆಪತ್ರಿಕೆಗಳನ್ನು. ಪಠ್ಯಪುಸ್ತಕ ಆಮೇಲೆ. ನಾಲ್ಕೈದು ವರ್ಷಗಳ ಪತ್ರಿಕೆಗಳನ್ನು ಸಾಲಾಗಿ ಹರಡಿಕೊಂಡರೆ ಆ ವಿಷಯ ನಮ್ಮಿಂದ ಏನು ಬಯಸುತ್ತದೆ ಎಂಬುದು ಬೇಗ ತಿಳಿಯುತ್ತದೆ. ಒಂದು ವಿಷಯ ಸಾಧಿಸು ಎನ್ನುತ್ತದೆ, ಇನ್ನೊಂದು ಲೆಕ್ಕ ಮಾಡು ಎನ್ನುತ್ತದೆ, ಮತ್ತೊಂದು ಹೋಲಿಸಿ ವಾದಿಸು ಎನ್ನುತ್ತದೆ. ನೋಟ್ಸಿನ ಆಕಾರ ಹುಟ್ಟಬೇಕಾದದ್ದು ಅಲ್ಲಿಂದ. ಎಲ್ಲ ವಿಷಯಕ್ಕೂ ಒಂದೇ ಅಚ್ಚು ಬಳಸಿ, ಮೇಲೆ ಶೀರ್ಷಿಕೆ, ಕೆಳಗೆ ಐದು ಅಂಶ, ನಡುವೆ ಹಳದಿ ಗೆರೆ ಎಂದು ಮಾಡಿದ ನೋಟ್ಸ್ ನೋಡಲು ಅಚ್ಚುಕಟ್ಟಾಗಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಡುತ್ತದೆ.

ಸಿಲಬಸ್ಸನ್ನು ಪುಸ್ತಕದ ಮೊದಲ ಹಾಳೆಗೆ ಅಂಟಿಸಿ ಪ್ರತಿ ಯೂನಿಟ್ಟಿನ ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡುತ್ತೇನೆ: 3.2 ಅಂದರೆ ಮೂರನೇ ಯೂನಿಟ್ಟಿನ ಎರಡನೇ ಸಾಲು. ಮುಂದೆ ಬರುವ ಪ್ರತಿ ಪುಟ, ಪ್ರತಿ ಕಾರ್ಡ್, ಪ್ರತಿ ಫೈಲಿನ ತಲೆಯ ಮೇಲೂ ಅದೇ ಸಂಖ್ಯೆ. ಪಾಠ ಹಿಂದೆ ಮುಂದೆ ಆದರೂ, ಎರಡು ವಾರ ತಪ್ಪಿದರೂ, ಎಲ್ಲಿ ಖಾಲಿ ಬಿದ್ದಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಕ್ಲಾಸಿನಲ್ಲಿ ಬಲಗಡೆಯ ಪುಟದಲ್ಲಿ ಮಾತ್ರ ಬರೆಯುತ್ತೇನೆ, ಎಡಗಡೆಯದ್ದು ಖಾಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಒಂದೇ ಪುಟವನ್ನು ಎಡಕ್ಕೆ ಎರಡೂವರೆ ಇಂಚು, ಬಲಕ್ಕೆ ಆರು ಇಂಚು, ಕೆಳಗೆ ಎರಡು ಇಂಚು ಎಂದು ವಿಂಗಡಿಸುತ್ತಾರೆ: ಬಲಕ್ಕೆ ಪಾಠ, ಎಡಕ್ಕೆ ಪ್ರಶ್ನೆಗಳು, ಕೆಳಗೆ ಸಾರಾಂಶ. ಇತಿಹಾಸ, ಸಮಾಜಶಾಸ್ತ್ರಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಉದ್ದನೆಯ ಡೆರಿವೇಷನ್, ಅಂದರೆ ಸೂತ್ರವನ್ನು ಹೆಜ್ಜೆಹೆಜ್ಜೆಯಾಗಿ ಹುಟ್ಟಿಸುವ ಕೆಲಸ ಬರುವ ವಿಷಯಗಳಿಗೆ ಆ ಎರಡೂವರೆ ಇಂಚು ಸಾಲುವುದಿಲ್ಲ, ಅಲ್ಲಿ ಪೂರ್ತಿ ಎಡಪುಟವೇ ಬೇಕು. ಅರ್ಥವಾಗದ ಜಾಗದಲ್ಲಿ ಅಂಚಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಸಾಗಬೇಕು. ಅಲ್ಲೇ ನಿಂತರೆ ಮುಂದಿನ ಐದು ನಿಮಿಷದ ಪಾಠವೂ ಹೋಗುತ್ತದೆ. ಅದೇ ದಿನ ಸಂಜೆ ಎಡಪುಟವನ್ನು ತುಂಬಬೇಕು: ಬಿಟ್ಟುಹೋದ ಹೆಜ್ಜೆ, ಪುಸ್ತಕದ ಪುಟಸಂಖ್ಯೆ, ಈ ಪುಟ ಯಾವ ಪ್ರಶ್ನೆಗೆ ಉತ್ತರ ಎಂಬ ಒಂದು ಸಾಲು. ಎರಡು ದಿನ ಬಿಟ್ಟರೆ ನಮ್ಮದೇ ಗುರುತುಗಳು ನಮಗೇ ತಿಳಿಯುವುದಿಲ್ಲ. ಪಾಠವನ್ನು ರೆಕಾರ್ಡ್ ಮಾಡಿಟ್ಟು ಆಮೇಲೆ ಕೇಳಿ ಬರೆಯುವ ಯೋಜನೆಯ ಮೇಲೆ ನನಗೆ ನಂಬಿಕೆಯಿಲ್ಲ. ಒಂದು ಗಂಟೆಯ ಪಾಠ ಮತ್ತೆ ಒಂದು ಗಂಟೆ ಕೇಳುತ್ತದೆ, ಮೂರನೇ ವಾರದ ಹೊತ್ತಿಗೆ ಬಾಕಿ ಬೆಟ್ಟವಾಗಿರುತ್ತದೆ.

ಗಣಿತದಲ್ಲಿ ಪ್ರತಿ ಪ್ರಮೇಯಕ್ಕೂ ಹೇಳಿಕೆ, ಷರತ್ತುಗಳು, ಯಾವ ಷರತ್ತು ಪ್ರೂಫಿನ ಯಾವ ಸಾಲಿನಲ್ಲಿ ಕೆಲಸಕ್ಕೆ ಬಂತು ಎಂಬ ಗುರುತು, ಆ ಷರತ್ತು ತೆಗೆದರೆ ಪ್ರಮೇಯ ಬಿದ್ದುಹೋಗುವ ಒಂದು ಉದಾಹರಣೆ ಇರಲೇಬೇಕು. ರೋಲ್‌ನ ಪ್ರಮೇಯವನ್ನೇ ತೆಗೆದುಕೊಳ್ಳಿ. ಮುಚ್ಚಿದ ಅಂತರದಲ್ಲಿ ಫಂಕ್ಷನ್ ಅವಿಚ್ಛಿನ್ನವಾಗಿರಬೇಕು, ತೆರೆದ ಅಂತರದಲ್ಲಿ ಅವಕಲನೀಯವಾಗಿರಬೇಕು, ಎರಡೂ ತುದಿಗಳಲ್ಲಿ ಒಂದೇ ಬೆಲೆ ಇರಬೇಕು. ಆಗ ನಡುವೆ ಒಂದು ಕಡೆಯಾದರೂ ಇಳಿಜಾರು ಸೊನ್ನೆಯಾಗುತ್ತದೆ ಎನ್ನುತ್ತದೆ ಅದು. ಎರಡನೆಯ ಷರತ್ತು ಯಾಕೆ? ಋಣ 1ರಿಂದ 1ರವರೆಗೆ ಎಕ್ಸ್‌ನ ಮಾಡ್ಯುಲಸ್ ನೋಡಿ: ಎರಡೂ ತುದಿಯಲ್ಲಿ ಬೆಲೆ 1, ರೇಖೆ ಎಲ್ಲೂ ತುಂಡಾಗಿಲ್ಲ, ಆದರೂ ಇಳಿಜಾರು ಸೊನ್ನೆಯಾಗುವ ಬಿಂದು ಒಂದೂ ಇಲ್ಲ. ಸೊನ್ನೆಯಲ್ಲಿ ಚೂಪು ಮೂಲೆ ಇದೆ, ಅಲ್ಲಿ ಅವಕಲನವೇ ಇಲ್ಲ. ಈ ಎರಡು ಸಾಲು ನೋಟ್ಸಿನಲ್ಲಿದ್ದರೆ ಷರತ್ತನ್ನು ಬಾಯಿಪಾಠ ಮಾಡುವ ಗೋಜೇ ಇಲ್ಲ.

ಪ್ರೂಫನ್ನು ಇಡಿಯಾಗಿ ನಕಲು ಮಾಡುವುದು ದಂಡ. ಮೂರರಿಂದ ಐದು ಸಾಲಿನ ಅಸ್ಥಿಪಂಜರ ಬರೆದಿಟ್ಟು, ಪೂರ್ತಿ ಪ್ರೂಫನ್ನು ಖಾಲಿ ಹಾಳೆಯ ಮೇಲೆ ಕಟ್ಟಿ ನೋಡಬೇಕು. ಪುಸ್ತಕ ‘ಇದು ಸುಲಭವಾಗಿ ಕಾಣುತ್ತದೆ’ ಎಂದು ಹಾರಿಹೋದ ಕಡೆ ಮಾತ್ರ ಆ ಕಾಣದ ಎರಡು ಹೆಜ್ಜೆಗಳನ್ನು ಎಡಪುಟದಲ್ಲಿ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಮುಂದಿನ ಬಾರಿಯೂ ಸಿಕ್ಕಿಬೀಳುವುದು ಅಲ್ಲೇ. ಪದಗಳ ಕ್ರಮವನ್ನೂ ಕಾಯಬೇಕು. ಎಪ್ಸಿಲಾನ್ ಅಂದರೆ ಫಂಕ್ಷನ್ನಿನ ಬೆಲೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ, ಡೆಲ್ಟಾ ಅಂದರೆ ಅದಕ್ಕಾಗಿ ಎಕ್ಸ್ ಆ ಬಿಂದುವಿಗೆ ಎಷ್ಟು ಹತ್ತಿರ ಇರಬೇಕೆಂಬ ಅಳತೆ. ಅವಿಚ್ಛಿನ್ನತೆಯಲ್ಲಿ ಡೆಲ್ಟಾ ಎಂಬುದು ಎಪ್ಸಿಲಾನನ್ನೂ ಬಿಂದುವನ್ನೂ ಅವಲಂಬಿಸಬಹುದು. ಏಕರೂಪ ಅವಿಚ್ಛಿನ್ನತೆಯಲ್ಲಿ ಎಪ್ಸಿಲಾನನ್ನು ಮಾತ್ರ. ಎಕ್ಸ್‌ನ ವರ್ಗ ಇಡೀ ವಾಸ್ತವ ರೇಖೆಯ ಮೇಲೆ ಮೊದಲನೆಯದಕ್ಕೆ ಒಪ್ಪುತ್ತದೆ, ಎರಡನೆಯದಕ್ಕೆ ಒಪ್ಪುವುದಿಲ್ಲ. ಅವಸರದಲ್ಲಿ ಬರೆದುಕೊಂಡ ನೋಟ್ಸಿನಲ್ಲಿ ಈ ಎರಡು ವ್ಯಾಖ್ಯೆಗಳೂ ಒಂದೇ ಆಗಿಬಿಟ್ಟಿರುವುದು ಬಹಳ ಸಾಮಾನ್ಯ.

ಭೌತಶಾಸ್ತ್ರದಲ್ಲಿ ಸೂತ್ರದ ಪಕ್ಕ ಏಕಮಾನ, ಸೂತ್ರದ ಕೆಳಗೆ ಅದು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ಸಾಲು. ಸರಳ ಲೋಲಕದ ಆವರ್ತ ಕಾಲ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ, ತೂಕಕ್ಕೆ ಸಂಬಂಧವಿಲ್ಲ ಎಂದಷ್ಟೇ ಬರೆದರೆ ಅರ್ಧ ನೋಟ್ಸ್. ಡೆರಿವೇಷನ್ನಿನಲ್ಲಿ ಕೋನದ ಸೈನ್ ಬದಲು ಕೋನವನ್ನೇ ಹಾಕಿದ ಸಾಲಿಗೆ ಕೆಂಪು ಗುರುತು ಹಾಕಿ, ಅದರಿಂದ ಎಷ್ಟು ತಪ್ಪು ಬರುತ್ತದೆಂದು ಬರೆಯಬೇಕು: ಲೋಲಕವನ್ನು 20 ಡಿಗ್ರಿ ಎಳೆದು ಬಿಟ್ಟಾಗ ನಿಜವಾದ ಆವರ್ತ ಕಾಲ ಸೂತ್ರಕ್ಕಿಂತ ಸುಮಾರು ಶೇ 0.8 ಹೆಚ್ಚು, 90 ಡಿಗ್ರಿಯಲ್ಲಿ ಸುಮಾರು ಶೇ 18 ಹೆಚ್ಚು. ಪ್ರಯೋಗಾಲಯದ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಬರುವ ಪ್ರಶ್ನೆ ಇದೇ. ಜೊತೆಗೆ ಒಂದು ಅತಿರೇಕದ ಪರೀಕ್ಷೆಯನ್ನೂ ಬರೆದಿಡುತ್ತೇನೆ. ಗುರುತ್ವ ಆರನೇ ಒಂದು ಭಾಗವಾದರೆ ಕಾಲ ಆರರ ವರ್ಗಮೂಲದಷ್ಟು, ಅಂದರೆ ಸುಮಾರು 2.45 ಪಟ್ಟು ಆಗಬೇಕು. ಸೂತ್ರವನ್ನು ತಲೆಕೆಳಗಾಗಿ ಬರೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಸಾವಯವ ರಸಾಯನಶಾಸ್ತ್ರದ ನೋಟ್ಸ್ ಕೆಡುವುದು ಬಾಣದ ಮೇಲೆ ಬರೆಯಬೇಕಾದದ್ದನ್ನು ಬಿಟ್ಟಾಗ. ಪ್ರೊಪೀನಿಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ 2-ಬ್ರೋಮೋಪ್ರೊಪೇನ್. ಅದೇ ಜೋಡಿಗೆ ಪೆರಾಕ್ಸೈಡ್ ಸೇರಿದರೆ ಮುಖ್ಯವಾಗಿ 1-ಬ್ರೋಮೋಪ್ರೊಪೇನ್. ಹೈಡ್ರೋಜನ್ ಕ್ಲೋರೈಡಿನಲ್ಲೂ ಅಯೋಡೈಡಿನಲ್ಲೂ ಪೆರಾಕ್ಸೈಡ್ ಈ ಕೆಲಸ ಮಾಡುವುದಿಲ್ಲ. ಹಾಗಾಗಿ ಪ್ರತಿ ಕ್ರಿಯೆಗೂ ಕಾರಕ, ದ್ರಾವಕ, ಉಷ್ಣತೆ, ಮುಖ್ಯ ಉತ್ಪನ್ನ, ಅಪವಾದ ಎಂಬ ಐದು ಕಂಬಸಾಲು ಎಳೆದು, ಗೊತ್ತಿಲ್ಲದ ಮನೆಯನ್ನು ಖಾಲಿ ಬಿಡುತ್ತೇನೆ, ಊಹಿಸಿ ತುಂಬುವುದಿಲ್ಲ. ಮೆಕ್ಯಾನಿಸಂ, ಅಂದರೆ ಕ್ರಿಯೆ ಹೆಜ್ಜೆಹೆಜ್ಜೆಯಾಗಿ ನಡೆಯುವ ಬಗೆ ಬರೆಯುವಾಗ ಬಾಗಿದ ಬಾಣ ಎಲೆಕ್ಟ್ರಾನ್ ಜೋಡಿ ಇರುವ ಕಡೆಯಿಂದ ಹೊರಟು ಕೊರತೆಯ ಕಡೆಗೆ ಹೋಗಬೇಕು. ಎಲೆಕ್ಟ್ರಾನೇ ಇಲ್ಲದ ಪ್ರೋಟಾನಿನಿಂದ ಬಾಣ ಹೊರಡಿಸಿದ ನೋಟ್ಸ್ ಕಂಡರೆ ಅದನ್ನು ಬರೆದವರು ಬೋರ್ಡಿನ ಚಿತ್ರವನ್ನು ಮಾತ್ರ ನಕಲು ಮಾಡಿದ್ದಾರೆ ಎಂದೇ ಅರ್ಥ.

ಜೀವಶಾಸ್ತ್ರದಲ್ಲಿ ಓದಿದ್ದು ಬಂತೋ ಇಲ್ಲವೋ ಎಂಬುದಕ್ಕೆ ಖಾಲಿ ಹಾಳೆಯೇ ಪರೀಕ್ಷೆ. ಜೀವಕೋಶ ಗ್ಲೂಕೋಸನ್ನು ಒಡೆಯುವ ಗ್ಲೈಕಾಲಿಸಿಸ್‌ನ 10 ಹೆಜ್ಜೆಗಳನ್ನು ಬರೆದ ಮೇಲೆ ಮೂರು ಬದಲಾಯಿಸಲಾಗದ ಹೆಜ್ಜೆಗಳಿಗೆ, ಅಂದರೆ ಹೆಕ್ಸೋಕೈನೇಸ್, ಫಾಸ್ಫೋಫ್ರಕ್ಟೋಕೈನೇಸ್, ಪೈರುವೇಟ್ ಕೈನೇಸ್ ಎಂಬ ಕಿಣ್ವಗಳು ಕೆಲಸ ಮಾಡುವ ಕಡೆ, ದಪ್ಪ ಬಾಣ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವಿನ ಲೆಕ್ಕ ಅಂಚಿನಲ್ಲಿ: ಖರ್ಚು 2, ಹುಟ್ಟುವಳಿ 4, ಉಳಿಕೆ 2. ಇಲ್ಲಿ ಒಂದು ಗೊಂದಲ ಪದೇಪದೇ ಬರುತ್ತದೆ. ಒಂದು ಗ್ಲೂಕೋಸಿನಿಂದ ಒಟ್ಟು 36 ಅಥವಾ 38 ಎಟಿಪಿ ಎಂದು ಹಳೆಯ ಪುಸ್ತಕ ಹೇಳುತ್ತದೆ, 30 ಅಥವಾ 32 ಎಂದು ಹೊಸದು. ಎಲೆಕ್ಟ್ರಾನ್ ಹೊರುವ ಅಣುಗಳಾದ ಎನ್‌ಎಡಿಎಚ್ ಒಂದಕ್ಕೆ 3, ಎಫ್‌ಎಡಿಎಚ್2 ಒಂದಕ್ಕೆ 2 ಎಟಿಪಿ ಎಂದು ಹಳೆಯ ಲೆಕ್ಕದಲ್ಲಿ ಹಿಡಿದಿದ್ದರು. ಈಗ ಅದು 2.5 ಮತ್ತು 1.5. ಎರಡು ಪುಸ್ತಕಗಳಿಂದ ಅರ್ಧರ್ಧ ತೆಗೆದ ನೋಟ್ಸಿನಲ್ಲಿ ಮೊತ್ತ ಎಂದೂ ಕೂಡಿಬರುವುದಿಲ್ಲ. ಅದಕ್ಕೇ ಸಂಖ್ಯೆ ಬರೆದ ಕಡೆಯೆಲ್ಲ ಪುಸ್ತಕದ ಆವೃತ್ತಿಯನ್ನೂ ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ.

ಸಂಖ್ಯಾಶಾಸ್ತ್ರದಲ್ಲಿ ವ್ಯಾಖ್ಯೆಯನ್ನು ಸಂಕ್ಷೇಪಿಸಿದರೆ ಅರ್ಥವೇ ಮಗುಚಿಬೀಳುತ್ತದೆ. ಪಿ-ಬೆಲೆ ಅಂದರೆ ಶೂನ್ಯ ಕಲ್ಪನೆ (ಪರಿಣಾಮವೇ ಇಲ್ಲ ಎಂಬಂಥ ಊಹೆ) ನಿಜವಾಗಿರುವ ಸಂಭವನೀಯತೆ ಎಂಬ ಸಾಲು ಎಷ್ಟೋ ನೋಟ್ಸುಗಳಲ್ಲಿದೆ, ಅದು ತಪ್ಪು. ಶೂನ್ಯ ಕಲ್ಪನೆ ನಿಜವೆಂದು ಇಟ್ಟುಕೊಂಡರೆ, ಈಗ ಸಿಕ್ಕಷ್ಟು ಅಥವಾ ಅದಕ್ಕಿಂತ ವಿಪರೀತವಾದ ಫಲಿತಾಂಶ ಬರುವ ಸಂಭವನೀಯತೆ ಅದು. ‘ಇಟ್ಟುಕೊಂಡರೆ’ ಎಂಬ ಭಾಗವನ್ನು ವಾಕ್ಯದ ಮೊದಲಲ್ಲೇ ಬರೆಯುವುದು ನನ್ನ ನಿಯಮ. ಅರ್ಥಶಾಸ್ತ್ರದ ರೇಖಾಚಿತ್ರಕ್ಕೆ ಎರಡೂ ಅಕ್ಷಗಳ ಹೆಸರು ಬರೆಯದೆ ರೇಖೆ ಎಳೆಯಬಾರದು. ಬೆಲೆ ಬದಲಾದರೆ ಬೇಡಿಕೆಯ ರೇಖೆಯ ಮೇಲೇ ಚಲನೆ, ಆದಾಯ ಬದಲಾದರೆ ರೇಖೆಯೇ ಪಕ್ಕಕ್ಕೆ ಸರಿಯುತ್ತದೆ. ಎರಡಕ್ಕೂ ಬೇರೆ ಬೇರೆ ಚಿತ್ರ. ಇತಿಹಾಸಕ್ಕೆ ಇಸವಿಯ ಪಟ್ಟಿ ಒಂದೇ ಹಾಳೆ ಸಾಕು. ಉಳಿದ ಪುಟಗಳೆಲ್ಲ ‘ಯಾಕೆ’ ಎಂಬುದಕ್ಕೆ, ಮತ್ತು ಆ ಕಾರಣವನ್ನು ಯಾರು ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬುದಕ್ಕೆ.

ಕಾನೂನಿನ ಪ್ರಕರಣ ಬರೆಯುವಾಗ ಸಂಗತಿ, ಪ್ರಶ್ನೆ, ತೀರ್ಪು, ತೀರ್ಪಿಗೆ ಆಧಾರವಾದ ತತ್ತ್ವ, ಪ್ರಾಸಂಗಿಕ ಮಾತು ಇವೆಲ್ಲ ಬೇರೆ ಬೇರೆ ನಿಲ್ಲಬೇಕು. ಡೊನಹ್ಯೂ ಮತ್ತು ಸ್ಟೀವನ್‌ಸನ್ ನಡುವಿನ 1932ರ ಪ್ರಕರಣವನ್ನು ‘ಬಾಟಲಿಯಲ್ಲಿ ಬಸವನಹುಳ ಇತ್ತು, ತಯಾರಕ ಹೊಣೆಗಾರನಾದ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರೇ ಹೆಚ್ಚು. ಹುಳ ಇತ್ತೆಂಬುದು ಅಲ್ಲಿ ಸಾಬೀತಾಗಲೇ ಇಲ್ಲ. ಆಪಾದನೆ ನಿಜವೆಂದು ಇಟ್ಟುಕೊಂಡರೆ ತಯಾರಕನಿಗೆ ಎಚ್ಚರಿಕೆಯ ಕರ್ತವ್ಯ ಇದೆಯೇ ಎಂಬ ಕಾನೂನಿನ ಪ್ರಶ್ನೆಯನ್ನಷ್ಟೇ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು, ಅದೂ 3–2ರ ಬಹುಮತದಿಂದ. ಸಂಗತಿಯ ಅಂಕಣದಲ್ಲಿ ‘ಆಪಾದನೆ’ ಎಂಬ ಒಂದು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಉತ್ತರದ ಗುಣಮಟ್ಟ ನಿಂತಿರುತ್ತದೆ.

ಪ್ರೋಗ್ರಾಮಿಂಗಿಗೆ ಕಾಗದದ ನೋಟ್ಸ್ ಕಡಿಮೆ ಸಾಕು, ಓಡುವ ಫೈಲುಗಳು ಹೆಚ್ಚು ಬೇಕು. ಪ್ರತಿ ಫೈಲಿನ ತಲೆಯ ಮೇಲೆ ಭಾಷೆಯ ಆವೃತ್ತಿ. ಪೈಥಾನ್ 2ರಲ್ಲಿ 5ನ್ನು 2ರಿಂದ ಭಾಗಿಸಿದರೆ 2 ಬರುತ್ತದೆ, ಪೈಥಾನ್ 3ರಲ್ಲಿ 2.5, ಕೈಯಿಂದ ಕೈಗೆ ಬಂದ ಹಳೆಯ ನೋಟ್ಸಿನ ಉತ್ತರ ನಮ್ಮ ಯಂತ್ರದಲ್ಲಿ ಬರದಿರಲು ಇಂಥದ್ದೇ ಕಾರಣ ಇರುತ್ತದೆ. ಅಲ್ಗಾರಿದಮ್ಮಿನ ವೇಗದ ಜೊತೆಗೆ ಅದು ಯಾವಾಗ ಕುಸಿಯುತ್ತದೆ ಎಂಬುದನ್ನೂ ಬರೆದಿಡಬೇಕು. ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಕ್ವಿಕ್‌ಸಾರ್ಟ್, ಮೊದಲ ಅಂಶವನ್ನೇ ಪಿವಟ್ (ಉಳಿದವನ್ನು ಹೋಲಿಸಿ ಎರಡು ಭಾಗ ಮಾಡುವ ಅಂಶ) ಮಾಡಿಕೊಂಡಿದ್ದರೆ, ಅದಕ್ಕೆ ಈಗಾಗಲೇ ಜೋಡಿಸಿಟ್ಟ ಪಟ್ಟಿ ಕೊಟ್ಟರೆ ಕೆಲಸ ಅಂಶಗಳ ಸಂಖ್ಯೆಯ ವರ್ಗದಂತೆ ಏರುತ್ತದೆ.

ಸೀನಿಯರುಗಳ ನೋಟ್ಸಿನ ಝೆರಾಕ್ಸ್ ಕೈಗೆ ಬಂದರೆ ನೇರ ಓದಲು ಕೂರುವುದಿಲ್ಲ. ಅದು ಯಾವ ವರ್ಷದ ಸಿಲಬಸ್ಸಿಗೆ ಬರೆದದ್ದು, ಯಾವ ಪುಸ್ತಕದ ಯಾವ ಆವೃತ್ತಿಯಿಂದ ತೆಗೆದದ್ದು ಎಂದು ಮೊದಲು ನೋಡುತ್ತೇನೆ. ಆಮೇಲೆ ನಡುವಿನಿಂದ ಎರಡು ಮೂರು ಲೆಕ್ಕಗಳನ್ನು ಆರಿಸಿ ಸ್ವಂತವಾಗಿ ಬಿಡಿಸಿ ನೋಡುವುದು. ಒಂದರಲ್ಲಾದರೂ ಚಿಹ್ನೆ ತಪ್ಪಿದ್ದು, ಕೊನೆಯ ಉತ್ತರ ಮಾತ್ರ ಸರಿಯಿದ್ದರೆ, ಉತ್ತರ ನೋಡಿ ಹೆಜ್ಜೆಗಳನ್ನು ಹೊಂದಿಸಿದ್ದಾರೆ ಎಂದೇ ಲೆಕ್ಕ. ಅಂಥ ನೋಟ್ಸನ್ನು ಏನೇನು ಓದಬೇಕು ಎಂಬ ಸೂಚಿಯಾಗಿ ಮಾತ್ರ ಬಳಸಬೇಕು.

ಸ್ಕ್ಯಾನ್ ಮಾಡುವುದಾದರೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಸಾಕು. ಸಬ್‌ಸ್ಕ್ರಿಪ್ಟುಗಳು ಓದಲು ಬರುತ್ತವೆ, ಫೈಲೂ ತೀರಾ ದೊಡ್ಡದಾಗುವುದಿಲ್ಲ. ಫೈಲಿನ ಹೆಸರು ವರ್ಷದಿಂದ ಶುರುವಾಗಬೇಕು: 2025-08-14, ಆಮೇಲೆ ವಿಷಯ, ಆಮೇಲೆ ಸಿಲಬಸ್ ಸಂಖ್ಯೆ. ದಿನಾಂಕ ಮುಂದಿಟ್ಟು ವರ್ಷ ಹಿಂದಿಟ್ಟರೆ ಜನವರಿಯೂ ಡಿಸೆಂಬರೂ ಒಟ್ಟಿಗೆ ಬಂದು ಕೂರುತ್ತವೆ. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳ ಬಗ್ಗೆ ಹೇಳುವುದೇ ಬೇಡ. ಪ್ರತಿ ಫೈಲಿಗೂ ಮೂರು ನಕಲು ಇರಬೇಕು, ಅವುಗಳಲ್ಲಿ ಒಂದಾದರೂ ಬೇರೆ ಜಾಗದಲ್ಲಿ. ಒಂದೇ ಪೆನ್‌ಡ್ರೈವಿನಲ್ಲಿರುವ ನೋಟ್ಸ್ ಇಲ್ಲದ್ದಕ್ಕೆ ಸಮ.

ಇನ್ನು ಓದು. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು; ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಾದರು. ಎಡಪುಟದ ಪ್ರಶ್ನೆಗಳ ಉಪಯೋಗ ಇಲ್ಲೇ. ಬಲಪುಟವನ್ನು ಮುಚ್ಚಿ ಪ್ರಶ್ನೆಗೆ ಕಾಗದದ ಮೇಲೆ ಉತ್ತರಿಸಿ, ತಪ್ಪಿದ್ದಕ್ಕೆ ಮಾತ್ರ ಗುರುತು ಹಾಕುತ್ತೇನೆ. ಮರುದಿನ, ಮೂರನೇ ದಿನ, ಒಂದು ವಾರ, ಮೂರು ವಾರ ಎಂಬ ಅಂತರದಲ್ಲಿ ಗುರುತು ಬಿದ್ದವು ಮತ್ತೆ ಬರುತ್ತವೆ. ಕಾರಕ, ಕಿಣ್ವ, ವ್ಯಾಖ್ಯೆ, ಇಸವಿಗಳಿಗೆ ಆ್ಯಂಕಿಯಂಥ ಆ್ಯಪ್‌ನ ಪ್ರಶ್ನೋತ್ತರ ಕಾರ್ಡುಗಳು ಚೆನ್ನ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ದಿನಕ್ಕೆ ಹೊಸದು 20ಕ್ಕಿಂತ ಹೆಚ್ಚು ಬೇಡ, ಯಾಕೆಂದರೆ ಇವತ್ತು ಸೇರಿಸಿದ ಕಾರ್ಡ್ ಮುಂದಿನ ವಾರಗಳಲ್ಲಿ ಹಲವು ಬಾರಿ ತಿರುಗಿ ಬಂದು ಸಮಯ ಕೇಳುತ್ತದೆ. ಪ್ರೂಫನ್ನೋ ಪ್ರಬಂಧದ ವಾದವನ್ನೋ ಕಾರ್ಡಿಗೆ ತುರುಕಿದರೆ ಕಾರ್ಡಿನ ಮೂಲೆಯ ಆಕಾರ ನೆನಪಿರುತ್ತದೆ, ವಾದ ನೆನಪಿರುವುದಿಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಪ್ರತಿ ಯೂನಿಟ್ಟಿಗೆ ಎ4 ಹಾಳೆಯ ಒಂದೇ ಬದಿ. ಈಗಾಗಲೇ ಸರಿಯಾಗಿ ಬರುತ್ತಿರುವುದಕ್ಕೆ ಅಲ್ಲಿ ಜಾಗವಿಲ್ಲ. ಇನ್ನೂ ತಪ್ಪುತ್ತಿರುವುದು, ಷರತ್ತುಗಳು, ಅಪವಾದಗಳು ಮಾತ್ರ. ಬೇರೆಯವರು ಮಾಡಿದ ಇಂಥ ಹಾಳೆಯನ್ನು ಎರವಲು ಪಡೆಯುವವರಿದ್ದಾರೆ. ಅದರಲ್ಲಿರುವುದು ಅವರು ತಪ್ಪುವ ಜಾಗಗಳು, ನಾವು ತಪ್ಪುವವಲ್ಲ.