ಹಿತ್ತಲ ನೆರಳಲ್ಲಿ ಮೊದಲ ಕೊಳ

‘ಮನೆ ಹಿಂದೆ ಮಾವು, ಹಲಸು ಇದೆ. ಬಿಸಿಲೇ ಬೀಳಲ್ಲ. ಅಲ್ಲಿ ಕೊಳ ಮಾಡೋಕಾಗುತ್ತಾ?’ ಅಂತ ಕೇಳುವವರು ಬಹಳ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ನೆರಳಿನ ನೀರು ತಂಪಾಗಿರುತ್ತದೆ. ತಂಪು ನೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತದೆ. ಏಪ್ರಿಲ್ ಬಂದರೂ ನೀರು ಬೇಗ ಬತ್ತುವುದಿಲ್ಲ. ಬಿಸಿಲಿನ ಕೊಳಗಳಲ್ಲಿ ಕಾಡುವ ಹಸಿರು ಪಾಚಿಯ ಕಾಟವೂ ಕಡಿಮೆ.

ಒಂದು ಆಸೆಯನ್ನು ಮಾತ್ರ ಬಿಡಬೇಕು. ತಾವರೆಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ನೈದಿಲೆಗೂ 4–5 ಗಂಟೆ ಬೇಕು. ನೆರಳಲ್ಲಿ ನೆಟ್ಟರೆ ನಾಲ್ಕು ಎಲೆ ಬಿಟ್ಟೀತು, ಹೂವಂತೂ ಕಷ್ಟ. ಇದು ಎಲೆಗಳ ಕೊಳ, ಕಪ್ಪೆಗಳ ಕೊಳ ಅಂತ ಮೊದಲೇ ಮನಸ್ಸು ಮಾಡಿಕೊಳ್ಳಿ. ಆಮೇಲೆ ಎಲ್ಲವೂ ಸಲೀಸು.

ಜಾಗ

ಹಾರೆ ಹಿಡಿಯುವ ಮೊದಲು ಒಂದು ರಜಾದಿನ ಬಿಸಿಲಿನ ಓಡಾಟ ನೋಡಿ. ಬೆಳಿಗ್ಗೆ 8, 11, ಮಧ್ಯಾಹ್ನ 2, ಸಂಜೆ 4ಕ್ಕೆ ಬಿಸಿಲು ಬಿದ್ದ ಕಡೆ ಕೋಲು ನೆಡಿ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬೀಳುವ ಮೂಲೆ ಸಿಕ್ಕರೆ ಅದೇ ಸರಿಯಾದ ಜಾಗ. ಮರದ ಬುಡಕ್ಕೆ ತಾಗಿಸಿ ಅಗೆಯಬೇಡಿ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಕಡಿಯಬೇಡಿ, ಗುಂಡಿಯನ್ನೇ ಆಚೆ ಸರಿಸಿ. ನೆರಳು ಕೊಡುವ ಮರವನ್ನೇ ಕಳೆದುಕೊಂಡರೆ ಏನು ಪ್ರಯೋಜನ? ಬಚ್ಚಲ ನೀರು, ಕೊಟ್ಟಿಗೆ ನೀರು ಹರಿದು ಬರುವ ತಗ್ಗೂ ಬೇಡ.

ಮಲೆನಾಡು, ಕರಾವಳಿಯವರು ಇನ್ನೊಂದು ವಿಷಯ ಯೋಚಿಸಬೇಕು. ಜೋರು ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬರುತ್ತದೆ. ಕೊಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು ಅಡಿಯಿಂದ ಒತ್ತಿ ಉಬ್ಬಿಸಿಬಿಡುತ್ತದೆ. ಅಂಥ ಕಡೆ ಪೂರ್ತಿ ಅಗೆಯದೆ, ಒಂದಡಿ ನೆಲದೊಳಗೆ, ಒಂದಡಿ ನೆಲದ ಮೇಲೆ ಬರುವಂತೆ ಮಾಡಿ. ಮೇಲಿನ ಕಟ್ಟೆಗೆ ಕೆಂಪುಕಲ್ಲು ಸಾಕು. ಕೂರಲು ಜಾಗವೂ ಆಯಿತು.

ಅಗೆತ

ಫೆಬ್ರುವರಿಯಿಂದ ಮೇ ಒಳಗೆ ಕೆಲಸ ಮುಗಿಸಿದರೆ ಮೊದಲ ಮಳೆಯ ನೀರೇ ಕೊಳಕ್ಕೆ ಸಿಗುತ್ತದೆ. ಮೊದಲ ಕೊಳಕ್ಕೆ 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ ಸರಿಹೋಗುತ್ತದೆ. ಮೊಟ್ಟೆಯಾಕಾರದಲ್ಲಿ ಅಗೆದರೆ 800ರಿಂದ 1000 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ತೀರಾ ಚಿಕ್ಕದು ಬೇಡ. ಕಡಿಮೆ ನೀರು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ.

ಹಗ್ಗವನ್ನು ನೆಲದ ಮೇಲೆ ಹಾಸಿ ಆಕಾರ ಮಾಡಿ. ಅಡುಗೆಮನೆ ಕಿಟಕಿಯಿಂದಲೂ ಜಗಲಿಯಿಂದಲೂ ನೋಡಿ, ಒಪ್ಪಿಗೆಯಾದರೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಒಂದು ಬದಿಯಲ್ಲಿ 9 ಅಂಗುಲ ಆಳಕ್ಕೆ ಮೆಟ್ಟಿಲು ಬಿಡಿ. ಗಿಡದ ಕುಂಡ ಇಡುವುದು ಅಲ್ಲಿ. ಇನ್ನೊಂದು ಬದಿ ಇಳಿಜಾರಾಗಿರಲಿ. ಬಿದ್ದ ಅಳಿಲು, ಓತಿಕೇತ ಹತ್ತಿ ಬರಲು ದಾರಿ ಬೇಕಲ್ವಾ?

ಅಂಚು ಎಲ್ಲಾ ಕಡೆ ಒಂದೇ ಮಟ್ಟಕ್ಕೆ ಇರಬೇಕು. ನೀರು ಯಾವತ್ತೂ ಮಟ್ಟವಾಗಿಯೇ ನಿಲ್ಲುತ್ತದೆ. ಅಂಚು ಒಂದು ಕಡೆ ಅಂಗುಲ ಇಳಿದರೂ ಎದುರು ಬದಿಯಲ್ಲಿ ಹಾಳೆ ಕಾಣುತ್ತದೆ. ಉದ್ದದ ಹಲಗೆ ಅಡ್ಡ ಇಟ್ಟು ಅದರ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ನೋಡಿ.

ಹಾಳೆ

ಸಿಮೆಂಟಿನ ತೊಟ್ಟಿಯೂ ಆಗುತ್ತದೆ. ಆದರೆ ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ. ವಾರಗಟ್ಟಲೆ ನೀರು ತುಂಬಿ ಚೆಲ್ಲಿ ತೊಳೆಯಬೇಕು. ಮೊದಲ ಸಲದವರಿಗೆ ಹಾಳೆಯೇ ಸುಲಭ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ದಪ್ಪದ ಹಾಳೆ ಸಾಕು, ಕಪ್ಪು ಬಣ್ಣದ್ದು ಕೇಳಿ. ಲೆಕ್ಕ ಹೀಗೆ: ಕೊಳದ ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಆಚೆ ಈಚೆ ಒಂದೊಂದು ಅಡಿ ಕೂಡಿಸಿ. 6+4+2 ಅಂದರೆ 12 ಅಡಿ. ಅಗಲಕ್ಕೆ 4+4+2, ಅಂದರೆ 10 ಅಡಿ.

ಗುಂಡಿಯ ಕಲ್ಲು, ಬೇರಿನ ಮೊನೆ ತೆಗೆದು 2 ಅಂಗುಲ ಮರಳು ಹಾಸಿ. ಅದರ ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರ್ ಎರಡು ಪದರ. ಗೋಣಿಚೀಲ ಬೇಡ, ಗೆದ್ದಲು ಬಿಡುವುದಿಲ್ಲ. ಹಾಳೆ ಹಾಸಿ ನಿಧಾನ ನೀರು ಬಿಡುತ್ತಾ ಮಡಿಕೆ ಸರಿಮಾಡಿ. ಎರಡು ದಿನ ಕೂರಲು ಬಿಟ್ಟು ಆಮೇಲಷ್ಟೇ ಅಂಚು ಕತ್ತರಿಸಿ, ಮೇಲೆ ಚಪ್ಪಡಿ ಕಲ್ಲು ಹೊದಿಸಿ. ಮಳೆ ಜಾಸ್ತಿಯಾದಾಗ ನೀರು ಹೊರಹೋಗಲು 2 ಅಂಗುಲದ ಪೈಪು ಇಟ್ಟು, ಬಾಯಿಗೆ ಬಲೆ ಕಟ್ಟಿ, ಬಾಳೆಯ ಬುಡಕ್ಕೆ ತಿರುಗಿಸಿ.

ಗಿಡ

ಕೆಸು, ಬಜೆ, ಒಂದೆಲಗ, ಜರಿಗಿಡ. ಇವೆಲ್ಲ ನಮ್ಮ ತೋಟದ ತೋಡಿನ ಬದಿಯಲ್ಲಿ ನೆರಳಲ್ಲೇ ಬೆಳೆಯುವಂಥವು. ದುಡ್ಡು ಕೊಡದೆ ನೆಂಟರ ಮನೆಯಿಂದ ತರಬಹುದು. ಕುಂಡಕ್ಕೆ ಜೇಡಿಮಣ್ಣು ತುಂಬಿ, ಮೇಲೆ ಜಲ್ಲಿ ಹರಡಿ. ಗೊಬ್ಬರ ಹಾಕಬೇಡಿ, ಅದು ನೀರಿಗೆ ಇಳಿದು ಪಾಚಿಗೆ ಊಟವಾಗುತ್ತದೆ. ನೇರಳೆ ಹೂವಿನ ಜಲಕುಂಬೆಯನ್ನು ಮಾತ್ರ ತರಲೇಬೇಡಿ. ಕೆರೆಗಳನ್ನು ಮುಚ್ಚಿದ ಕಳೆ ಅದು.

ಸೊಳ್ಳೆ, ಮೀನು, ಕಪ್ಪೆ

ಮನೆಯವರ ಮೊದಲ ಆಕ್ಷೇಪ ಸೊಳ್ಳೆಯದೇ. ಅದು ನ್ಯಾಯವಾದ ಮಾತು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ಮೀನು ಬೇಕು. ನಲ್ಲಿ ನೀರು ತುಂಬಿಸಿದ್ದರೆ ಕ್ಲೋರಿನ್ ಹೋಗಲು ಎರಡು ದಿನ ಬಿಟ್ಟು ಮೀನು ಬಿಡಿ. ಎಲ್ಲರೂ ಗಪ್ಪಿ ತರುತ್ತಾರೆ. ನನ್ನ ಆಯ್ಕೆ ಪ್ಯಾಂಚಾಕ್ಸ್. ತಲೆಯ ಮೇಲೆ ಬೆಳ್ಳಿಚುಕ್ಕೆ ಹೊಳೆಯುವ ಇದು ನಮ್ಮದೇ ಹಳ್ಳ, ತೋಡುಗಳ ಮೀನು. ನೀರಿನ ಮೇಲ್ಪದರದಲ್ಲೇ ಓಡಾಡಿ ಸೊಳ್ಳೆಮರಿ ಹಿಡಿಯುತ್ತದೆ. ಹತ್ತು ಹನ್ನೆರಡು ಮೀನಿದ್ದರೆ ಸಾಕು, ಪಂಪೂ ಬೇಕಿಲ್ಲ. ಗಪ್ಪಿಯನ್ನೇ ತಂದರೆ, ಮರಿ ಜಾಸ್ತಿಯಾಯಿತೆಂದು ಕೆರೆಗೆ ಸುರಿಯಬೇಡಿ.

ಕಪ್ಪೆಗಳನ್ನು ಹಿಡಿದು ತರಬೇಕಾಗಿಲ್ಲ, ಮಳೆ ಬಿದ್ದ ಮೇಲೆ ತಾವೇ ಬರುತ್ತವೆ. ನೀರಿನ ಮೇಲೆ ಬಾಗಿದ ಕೊಂಬೆಯೋ ಎಲೆಯೋ ಇದ್ದರೆ ಮರಗಪ್ಪೆಗಳು ಅಲ್ಲಿ ನೊರೆಯ ಗೂಡು ಕಟ್ಟುತ್ತವೆ. ಮರಿಗಳು ಗೂಡಿನಿಂದ ನೇರ ನೀರಿಗೆ ಬೀಳುತ್ತವೆ. ಇದು ನೆರಳಿನ ಹಿತ್ತಲಿಗೇ ಸಿಗುವ ಭಾಗ್ಯ. ನೊರೆ ಕಂಡರೆ ಕಸವೆಂದು ಒರೆಸಬೇಡಿ. ಮರಿಗಳಿಗೆ ಮೀನಿನಿಂದ ಅಡಗಲು ಒಂದು ಮೂಲೆಯಲ್ಲಿ ಜಲಸಸ್ಯ ದಟ್ಟವಾಗಿರಲಿ. ಕಪ್ಪೆ ಇದ್ದಲ್ಲಿಗೆ ಹಾವೂ ಬರಬಹುದು. ನೀರೊಳ್ಳೆಗೆ ವಿಷವಿಲ್ಲ, ಆದರೂ ನಡೆಯುವ ಕಡೆ ಹುಲ್ಲು ಸವರಿಟ್ಟಿರಿ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನೀರಿನ ಮೇಲೆ ಗಟ್ಟಿ ಕಬ್ಬಿಣದ ಜಾಲರಿ ಕೂರಿಸದೆ ಕೊಳ ಮಾಡಲೇಬೇಡಿ. ಅಂಗೈ ಆಳದ ನೀರೂ ಮಗುವಿಗೆ ಅಪಾಯ.

ಎಲೆ

ನೆರಳಿನ ಕೊಳಕ್ಕೆ ನಿಜವಾದ ಶತ್ರು ಉದುರುವ ಎಲೆ. ತಳಕ್ಕೆ ಇಳಿದ ಎಲೆ ಕೊಳೆಯುತ್ತಾ ನೀರಿನ ಆಮ್ಲಜನಕ ತಿನ್ನುತ್ತದೆ. ತಳ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಹೊಂಗೆ ಮರವಿದ್ದರೆ ಎಲೆ ಉದುರಿಸುವ ಬೇಸಿಗೆಯ ಮೊದಲ ವಾರಗಳಲ್ಲಿ ಕೊಳದ ಮೇಲೆ ಬಲೆ ಎಳೆದು ಕಟ್ಟಿ. ಉಳಿದ ದಿನ ಕೈಬಲೆಯಲ್ಲಿ ತೇಲುವ ಎಲೆ ತೆಗೆದರೆ ಆಯಿತು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಮೂರನೇ ಒಂದು ಪಾಲು ನೀರು ಮೊಗೆದು ತಳದ ಕೆಸರು ತೆಗೆಯಿರಿ. ಪೂರ್ತಿ ಬರಿದು ಮಾಡಿ ತಿಕ್ಕಿ ತೊಳೆಯಬೇಡಿ. ನೀರನ್ನು ಶುದ್ಧವಾಗಿಡುವ ಸೂಕ್ಷ್ಮಜೀವಿಗಳು ಹಾಳೆಯ ಲೋಳೆಯಲ್ಲೇ ಇರುತ್ತವೆ. ತೆಗೆದ ಕೆಸರನ್ನು ಬಾಳೆಗೋ ಮಲ್ಲಿಗೆಗೋ ಹಾಕಿ.