ಸಾಲು ಬಿಟ್ಟ ಹಿತ್ತಿಲು

ಈ ಸಲ ನಮ್ಮ ಹಿತ್ತಿಲಲ್ಲಿ ಎಲ್ಲಕ್ಕಿಂತ ಚಂದ ಬಂದದ್ದು ನಾನು ನೆಡದೇ ಇದ್ದ ಒಂದು ಸಿಹಿಗುಂಬಳದ ಬಳ್ಳಿ. ತರಕಾರಿ ಸಿಪ್ಪೆ ಹಾಕುವ ಗುಂಡಿಯಲ್ಲಿ ತಾನಾಗಿ ಹುಟ್ಟಿ, ಬಟ್ಟೆ ಒಗೆಯುವ ಕಲ್ಲು ದಾಟಿ ಪಾಗಾರ, ಅಂದರೆ ಕಾಂಪೌಂಡ್ ಗೋಡೆ, ಹತ್ತಿತು. ಮೊದಮೊದಲು ಬರೀ ಗಂಡು ಹೂ. ಅವನ್ನು ಕೊಯ್ದು ಪೋಡಿ (ಬಜ್ಜಿ) ಮಾಡಿದೆ. ಆಮೇಲೆ ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂ ಬಂದವು. ಎರಡು ಕಾಯಿ ಸಿಕ್ಕಿತು, ಒಂದು ಪಾಗಾರದ ಆಚೆ ಮನೆಗೆ ಹೋಯಿತು.

ಐದು ವರ್ಷದ ಹಿಂದೆ ಆಗಿದ್ದರೆ ಆ ಬಳ್ಳಿಯನ್ನು ಎರಡೆಲೆ ಇರುವಾಗಲೇ ಕಿತ್ತು ಬಿಸಾಡುತ್ತಿದ್ದೆ. ಆಗ ನನಗೆ ಎಲ್ಲವೂ ಸಾಲಿನಲ್ಲೇ ಇರಬೇಕಿತ್ತು. ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆ ಹಿಂದೆ ಉಳಿದಿರುವುದೇ ಎರಡು ಸೆಂಟ್ಸ್ ಜಾಗ, ಅದೂ ಮುರಕಲ್ಲಿನ ನೆಲ. ಅದಕ್ಕೆ ಇಟ್ಟಿಗೆ ಅಂಚು ಕಟ್ಟಿ, ಮೇ ತಿಂಗಳಲ್ಲಿ ಕ್ಯಾಪ್ಸಿಕಂ, ಹೂಕೋಸು, ಗುಲಾಬಿ ತಂದು ನೆಟ್ಟೆ. ಒಂದು ಹುಲ್ಲುಕಡ್ಡಿ ಕಂಡರೂ ಕೀಳುತ್ತಿದ್ದೆ. ಇಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜುಲೈ ಮುಗಿಯುವಾಗ ಗಿಡಗಳ ಬೇರು ಕೊಳೆತಿತ್ತು, ಮೇಲ್ಮಣ್ಣು ಚರಂಡಿ ಸೇರಿತ್ತು. ಅಂದು ತುಂಬ ಅತ್ತೆ.

ಪಾಗಾರದ ಆಚೆಯಿಂದ ದೊಡ್ಡಮ್ಮ ನೋಡಿದರು. ಅವರು ಸಂಬಂಧಿಕರಲ್ಲ, ನಾವೆಲ್ಲ ಕರೆಯುವುದು ಹಾಗೆ. "ಎಂತಕ್ಕೆ ಮಾರಾಯ್ತಿ ನೆಲವನ್ನು ಹಾಗೆ ಬೋಳು ಮಾಡಿದ್ದು? ಮಣ್ಣು ನಿಲ್ಲುದಾದ್ರೂ ಹೇಗೆ? ತರಗೆಲೆ ಹಾಕು" ಅಂದರು. ಮರುದಿನ ನಾಲ್ಕು ಬಸಳೆ ದಂಟು ತಂದುಕೊಟ್ಟರು.

ಆ ನಾಲ್ಕು ದಂಟೇ ಇವತ್ತಿನ ಚಪ್ಪರ. ಮೊಳದುದ್ದದ ಬಲಿತ ದಂಟು, ಕೆಳಗಿನ ಎಲೆ ತೆಗೆದು ಎರಡು ಮೂರು ಗಂಟು ಮಣ್ಣೊಳಗೆ ಹೋಗುವಂತೆ ಊರಿದೆ. ಬುಡಕ್ಕೆ ಸುಡುಮಣ್ಣು ಮತ್ತು ಒಣಗಿದ ಸೆಗಣಿ. ಚಪ್ಪರಕ್ಕೆ ಅಡಿಕೆ ಮರ ಸೀಳಿದ ದಬ್ಬೆ, ಹಳೆಯ ಪಿವಿಸಿ ಪೈಪು. ಕಳೆದ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಒಂದು ಬದಿ ಕುಸಿಯಿತು. ಎತ್ತಿ ಕಟ್ಟಬೇಕೆಂದು ಹೋದವಳು ಸುಮ್ಮನೆ ಬಂದೆ, ಯಾಕೆಂದರೆ ಆ ಬದಿ ಈಗ ಮಗಳ ಕೈಗೆ ಎಟಕುತ್ತದೆ, ಕೊದ್ದೆಲಿಗೆ (ನಮ್ಮ ಕಡೆಯ ಸಾಂಬಾರು) ಬೇಕಾದ ದಂಟು ಅವಳೇ ಮುರಿದು ತರುತ್ತಾಳೆ. ಮಳೆಗಾಲದಲ್ಲಿ ಎಲೆಗೆ ಕೆಂಪು ಚುಕ್ಕೆ ಬರುತ್ತದೆ. ಮೊದಲು ಅದಕ್ಕೆ ಏನೇನೋ ಸಿಂಪಡಿಸುತ್ತಿದ್ದೆ. ಈಗ ಚುಕ್ಕೆ ಬಿದ್ದ ಎಲೆ ಕಿತ್ತು ದೂರ ಹಾಕುತ್ತೇನೆ. ದಂಟಿಗೆ, ಹಲಸಿನ ಬೀಜ ಹಾಕಿದ ಕೊದ್ದೆಲಿಗೆ, ಅದರಿಂದ ಏನೂ ಕಡಿಮೆಯಾಗಿಲ್ಲ.

ಹರಿವೆ ಬೀಜವನ್ನು ಮರಳಿನ ಜತೆ ಬೆರೆಸಿ ಎರಚಿಬಿಡುತ್ತೇನೆ. ಒತ್ತಾಗಿ ಬಂದದ್ದನ್ನು ಎಳೆಯದರಲ್ಲೇ ಕಿತ್ತರೆ ಒಂದು ಪಲ್ಯ. ಎರಡು ಗಿಡ ಹೂ ಬಿಟ್ಟು ಒಣಗಲಿ ಎಂದು ಬಿಡುತ್ತೇನೆ, ಮುಂದಿನ ಬೀಜ ಅಲ್ಲೇ ಉದುರುತ್ತದೆ. ಬಚ್ಚಲ ನೀರು ಹೋಗುವಲ್ಲಿ ಕೆಸು, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ. ಇವೆರಡಕ್ಕೆ ನಾನು ಮಾಡಿದ್ದು ಏನೂ ಇಲ್ಲ, ಕಿತ್ತು ಹಾಕುವುದನ್ನು ನಿಲ್ಲಿಸಿದ್ದು ಬಿಟ್ಟರೆ. ಪತ್ರೊಡೆಗೂ ತಂಬುಳಿಗೂ ಪೇಟೆಗೆ ಹೋಗುವ ಕೆಲಸವಿಲ್ಲ.

ಗುಳ್ಳ, ಅಂದರೆ ದುಂಡು ಬದನೆ, ಮಾತ್ರ ಆಗಲಿಲ್ಲ. 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಮಾನ್ಯತೆ) ಸಿಕ್ಕಿದ ಮಟ್ಟುಗುಳ್ಳ ನಮ್ಮದೇ ಜಿಲ್ಲೆಯದು, ಅದು ಬೆಳೆಯುವ ಕಟಪಾಡಿ ಹತ್ತಿರದ ಮಟ್ಟು ಇಲ್ಲಿಂದ ದೂರವೂ ಅಲ್ಲ. ಮೂರು ವರ್ಷ ಪ್ರಯತ್ನಿಸಿದೆ. ಕಾಯಿ ಬಂತು, ಆದರೆ ಮಟ್ಟುವಿನ ಗುಳ್ಳದ ಆ ಮೆದು ತಿರುಳು ಬರಲಿಲ್ಲ. ಅದು ಆ ಊರಿನ ಮಣ್ಣಿನ ಗುಣ ಎಂದು ನಾನು ನಂಬುತ್ತೇನೆ. ಈಗ ಸಂತೋಷದಿಂದ ಕೊಂಡು ತಿನ್ನುತ್ತೇವೆ.

ಎರಡು ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಕುಂಡದ ತಟ್ಟೆ, ತೆಂಗಿನ ಚಿಪ್ಪು ಯಾವುದರಲ್ಲೂ ನೀರು ನಿಲ್ಲಬಾರದು, ಮಲೇರಿಯಾ, ಡೆಂಗ್ಯೂ ಎರಡನ್ನೂ ಕಂಡ ಕರಾವಳಿ ಇದು. ತರಗೆಲೆ ರಾಶಿ ಬಾಗಿಲ ಹತ್ತಿರ ಇರಬಾರದು, ಹಾವು ಸೇರುತ್ತದೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ದೊಡ್ಡ ಬಸವನಹುಳುಗಳನ್ನು ಹೆಕ್ಕುವುದೂ ಉಂಟು. ಆದರೆ ಬೇಸರ ಬಂದ ರಾತ್ರಿ ಹೆಕ್ಕುವುದಿಲ್ಲ. ನಾಲ್ಕು ಎಲೆ ಅವುಗಳಿಗೆ ಹೋಗುತ್ತದೆ, ಹೋಗಲಿ.

ಈಗ ಅದೇ ಗುಂಡಿಯಲ್ಲಿ ಒಂದು ಪಪ್ಪಾಯಿ ಎದ್ದಿದೆ, ನನ್ನ ಎದೆ ಮಟ್ಟ. ಹೂ ಬಿಡುವ ತನಕ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಬೆಳಿಗ್ಗೆ ನಾನು ಚಾ ಲೋಟ ಹಿಡಿದು ಹೊರಗೆ ಬಂದರೆ ಪಾಗಾರದ ಆಚೆಯಿಂದ ದೊಡ್ಡಮ್ಮ ಕೇಳುತ್ತಾರೆ, "ಬಪ್ಪಂಗಾಯಿಗೆ ಹೂ ಬಂತಾ?"

"ಇಲ್ಲ ದೊಡ್ಡಮ್ಮ, ಇನ್ನೂ ಇಲ್ಲ."