ಟೆರೇಸಿನ ಗದ್ದಲಕ್ಕೊಂದು ನಕ್ಷೆ

ಬೆಂಗಳೂರಿನಲ್ಲಿ ಇಬ್ಬರು ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಸೇರಿದರೆ ಮಾತು ಆಂಟೆನಾದಲ್ಲಿ ಶುರುವಾಗಿ ಲೀನಿಯರ್ ಆಂಪ್ಲಿಫೈಯರಿನ ರೇಟಿಗೆ ಬಂದು ನಿಲ್ಲುತ್ತದೆ. ಪವರ್ ಜಾಸ್ತಿ ಮಾಡಿದರೆ ನಮ್ಮ ದನಿ ಆಚೆಯವನಿಗೆ ಮುಟ್ಟೀತು, ಸರಿ. ಅವನು ಕೊಟ್ಟ ಉತ್ತರ ನಮಗೆ ಕೇಳಿಸಬೇಕಲ್ಲ?

ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ 20 ಮೀಟರ್ ಬ್ಯಾಂಡಿಗೆಂದು (14 ಮೆಗಾಹರ್ಟ್ಜ್ ಆಸುಪಾಸು) ಸುಮಾರು 10 ಮೀಟರ್ ವೈರಿನ ಎಂಡ್-ಫೆಡ್ (ಒಂದು ತುದಿಯಲ್ಲಿ ಕೇಬಲ್ ಸೇರುವ) ಆಂಟೆನಾ ಕಟ್ಟಿದ್ದೇನೆ. ಅದಕ್ಕೆ ರೇಡಿಯೊ ಜೋಡಿಸಿದರೆ, ಬ್ಯಾಂಡಿನಲ್ಲಿ ಯಾರೂ ಮಾತಾಡದಿದ್ದಾಗಲೂ ಸಿಗ್ನಲಿನ ಬಲ ತೋರಿಸುವ ಎಸ್-ಮೀಟರು ಎಸ್7ರಿಂದ ಕೆಳಗಿಳಿಯುತ್ತಿರಲಿಲ್ಲ. ಎಸ್9 ಅಂದರೆ ಮೈನಸ್ 73 ಡಿಬಿಎಂ, ಒಂದೊಂದು ಎಸ್‌ಗೆ 6 ಡಿಬಿ. ಅಂದರೆ ಮೈನಸ್ 85ಕ್ಕಿಂತ ಸಣ್ಣ ದನಿಯೆಲ್ಲ ಗದ್ದಲದಲ್ಲೇ ಹೂತುಹೋಗುತ್ತಿತ್ತು. ಹೊಸ ರೇಡಿಯೊಗೆ ಎತ್ತಿಟ್ಟಿದ್ದ ದುಡ್ಡು ಮುಟ್ಟದೆ, ಈ ಗದ್ದಲ ಯಾವಾಗ, ಎಲ್ಲಿಂದ ಬರುತ್ತದೆ ಎಂದು ಮೊದಲು ಅಳೆಯೋಣ ಅಂತ ಕೂತೆ.

ಬೇಕಾಗಿದ್ದು ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್), ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್). ಡಾಂಗಲ್ ಕೊಳ್ಳುವವರಿಗೆ ಒಂದು ಮಾತು: ಹಳೆಯ ವಿ3 ಮಾದರಿ 24 ಮೆಗಾಹರ್ಟ್ಜ್‌ಗಿಂತ ಕೆಳಗೆ ನೇರ ಸ್ಯಾಂಪ್ಲಿಂಗ್ ಮಾಡುತ್ತದೆ. ಅದರ ಗಡಿಯಾರ 28.8 ಮೆಗಾಹರ್ಟ್ಜ್; ಸರಿಯಾಗಿ ಗುರುತಿಸಬಲ್ಲದ್ದು ಅದರ ಅರ್ಧದವರೆಗೆ, ಅಂದರೆ 14.4. ನಮ್ಮ 14.1ರ ಪಕ್ಕದಲ್ಲೇ ಆ ಅಂಚು ಬರುವುದರಿಂದ 14.7ರಲ್ಲಿ ಇರುವುದೂ ಮಡಚಿಕೊಂಡು 14.1ರಲ್ಲೇ ಕಾಣಿಸುತ್ತದೆ. ವಿ4ರಲ್ಲಿ ಫ್ರೀಕ್ವೆನ್ಸಿಯನ್ನು ಮೇಲಕ್ಕೇರಿಸುವ ಅಪ್‌ಕನ್ವರ್ಟರ್ ಒಳಗೇ ಇದೆ, ಈ ತಲೆನೋವಿಲ್ಲ; ಆದರೆ ಹಳೆಯ ಡ್ರೈವರಿನಲ್ಲಿ ಅದು ಸರಿಯಾಗಿ ಓಡುವುದಿಲ್ಲ, ಹೊಸದು ಹಾಕಬೇಕು. ಇನ್ನೊಂದು ಸಂಗತಿ, ಡಾಂಗಲಿನದು 8 ಬಿಟ್ ಎಡಿಸಿ (ಸಿಗ್ನಲನ್ನು ಅಂಕಿ ಮಾಡುವ ಭಾಗ), ಜೋರು ಸಿಗ್ನಲ್ ಬಂದರೆ ಬೇಗ ತುಂಬಿಹೋಗುತ್ತದೆ. ಬೆಂಗಳೂರಿನಲ್ಲಿ ಆಕಾಶವಾಣಿಯ 612 ಕಿಲೋಹರ್ಟ್ಜ್ ಎಷ್ಟು ಜೋರು ಎಂದು ಹೇಳಬೇಕಿಲ್ಲ. ಮೀಡಿಯಂ ವೇವ್ ತಡೆಯುವ ಹೈ-ಪಾಸ್ ಫಿಲ್ಟರ್ ಮುಂದೆ ಹಾಕದಿದ್ದರೆ ಡಾಂಗಲ್ ಅದನ್ನೇ ನುಂಗಿ ಕಣ್ಣು ಬಿಡುತ್ತದೆ.

ಅಳೆಯುವ ಕೆಲಸಕ್ಕೆ ಆರ್‌ಟಿಎಲ್_ಪವರ್ ಎಂಬ ಪುಟ್ಟ ಪ್ರೋಗ್ರಾಂ ಡಾಂಗಲಿನ ಡ್ರೈವರ್ ತಂತ್ರಾಂಶದ ಜೊತೆಗೇ ಬರುತ್ತದೆ. 13.5ರಿಂದ 15.5 ಮೆಗಾಹರ್ಟ್ಜ್, ಒಂದೊಂದು ಕಿಲೋಹರ್ಟ್ಜ್‌ಗೆ ಒಂದು ಖಾನೆ, ಹತ್ತು ಸೆಕೆಂಡಿಗೆ ಒಂದು ಸಾಲು ಎಂದು ಹೇಳಿ ದಿನವಿಡೀ ಓಡಿಸಿದೆ. ಸಿಎಸ್‌ವಿ ಫೈಲು ಬರುತ್ತದೆ: ತಾರೀಖು, ಸಮಯ, ಶುರುವಿನ ಫ್ರೀಕ್ವೆನ್ಸಿ, ಕೊನೆಯದು, ಹೆಜ್ಜೆ, ಸ್ಯಾಂಪಲ್ ಎಷ್ಟು, ಆಮೇಲೆ ಡಿಬಿ ಅಂಕಿಗಳ ಮೆರವಣಿಗೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಮಾತ್ರ ಕೈಯಾರೆ ಒಂದೇ ಕಡೆ ನಿಲ್ಲಿಸಬೇಕು. ಆಟೊಮ್ಯಾಟಿಕ್ ಬಿಟ್ಟರೆ ಬೆಳಗಿನ ಅಂಕಿಗೂ ರಾತ್ರಿಯ ಅಂಕಿಗೂ ಹೋಲಿಕೆಯೇ ಇರುವುದಿಲ್ಲ.

ನನ್ನ ಪೈಥಾನ್ ಸ್ಕ್ರಿಪ್ಟಿನಲ್ಲಿ ಜಾಣತನ ಅಂತ ಇದ್ದರೆ ಒಂದೇ ಸಾಲಿನಲ್ಲಿದೆ: ಸರಾಸರಿ ತೆಗೆಯದೆ, ಪ್ರತಿ ಸಾಲಿನ 20ನೇ ಪರ್ಸೆಂಟೈಲ್ ತೆಗೆದುಕೊಂಡೆ. ಯಾರೋ ಜೋರಾಗಿ ಮಾತಾಡಿದರೆ ಸರಾಸರಿ ಏರುತ್ತದೆ. ತಳದ ಗದ್ದಲ ಮಾತ್ರ ಬೇಕೆಂದರೆ ಕೆಳಗಿನ ಐದರಲ್ಲೊಂದು ಪಾಲು ನೋಡಬೇಕು. ಉಳಿದದ್ದನ್ನು ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿ ಬಣ್ಣದ ಚಿತ್ರ ಮಾಡಿಕೊಟ್ಟಿತು. ಅಡ್ಡಕ್ಕೆ ಫ್ರೀಕ್ವೆನ್ಸಿ, ಉದ್ದಕ್ಕೆ ಸಮಯ.

ಆ ಚಿತ್ರ ಓದುವುದೇ ಒಂದು ಮಜಾ. ಒಂದಷ್ಟು ಮಸುಕು ಪಟ್ಟಿಗಳು ಸಮ ಅಂತರದಲ್ಲಿ ನಿಂತು, ಹೊತ್ತು ಹೋದಂತೆ ಸೊಟ್ಟಗೆ ಜಾರುತ್ತಿದ್ದವು. ಅವು ಸ್ವಿಚ್-ಮೋಡ್ ಅಡಾಪ್ಟರಿನ ಹಾರ್ಮೋನಿಕ್‌ಗಳು (ಅದರ ಮೂಲ ಫ್ರೀಕ್ವೆನ್ಸಿಯ ಎರಡು, ಮೂರು, ನಾಲ್ಕು ಪಟ್ಟುಗಳು); ಲೋಡು, ಬಿಸಿ ಬದಲಾದಂತೆ ಜರುಗುತ್ತವೆ. ಇನ್ನೊಂದು ಹೊದಿಕೆ ಸೂರ್ಯ ಮೂಡಿದ ಮೇಲೆ ಶುರುವಾಗಿ ಸಂಜೆಗೆ ತಾನಾಗಿ ಮುಗಿಯುತ್ತಿತ್ತು, ಮೋಡ ಕವಿದಾಗ ಅಲುಗುತ್ತಿತ್ತು. ಪಕ್ಕದ ಕಟ್ಟಡದ ಸೋಲಾರ್ ಇನ್ವರ್ಟರ್ ಬಿಟ್ಟು ಬೇರೇನೂ ಅಷ್ಟು ಶಿಸ್ತಾಗಿರಲು ಸಾಧ್ಯವಿಲ್ಲ. ಸಂಜೆ ಆರಕ್ಕೆ ಸರಿಯಾಗಿ ನಿಮಿಷವೂ ತಪ್ಪದೆ ಬರುವ ಗೆರೆ ನಮ್ಮದೇ ಕಾರಿಡಾರಿನ ಟೈಮರಿಗೆ ಸಿಕ್ಕ ಎಲ್‌ಇಡಿ ದೀಪಗಳು. ಆಗಾಗ ಅರ್ಧ ನಿಮಿಷದ ಚುಕ್ಕೆಗಳು, ಶಾಲೆ ಬಿಡುವ ಹೊತ್ತಿಗೆ ದಟ್ಟ: ಲಿಫ್ಟ್.

ಎಲ್ಲಕ್ಕಿಂತ ಚೆನ್ನಾಗಿ ಪಾಠ ಹೇಳಿದ್ದು ಬೆಸ್ಕಾಂ. ಕರೆಂಟ್ ಹೋದ ಕ್ಷಣ ಇಡೀ ಚಿತ್ರ ಕಪ್ಪಾಯಿತು, ಅಂದರೆ ಗದ್ದಲವೇ ಇಲ್ಲ; ಪೈ ಬ್ಯಾಟರಿಯ ಮೇಲಿದ್ದದ್ದರಿಂದ ಅಳತೆ ನಿಂತಿರಲಿಲ್ಲ. ಆ ಕೆಲವು ಸೆಕೆಂಡು ನಮ್ಮ ಬೀದಿ ಕಾಡಿನಷ್ಟು ನಿಶ್ಶಬ್ದ. ಆಮೇಲೆ ಒಂದೊಂದೇ ಮನೆಯ ಯುಪಿಎಸ್ ಎಚ್ಚರಗೊಂಡು ಮೊದಲಿಗಿಂತ ಕೆಟ್ಟದಾಯಿತು. ಅಲ್ಲಿಂದ ನಾನೇ ಕೃತಕವಾಗಿ ಕರೆಂಟ್ ತೆಗೆಯತೊಡಗಿದೆ: ಮನೆಯ ಮೇನ್ ಇಳಿಸಿ, ನಂತರ ಒಂದೊಂದೇ ಎಂಸಿಬಿ ಏರಿಸಿ, ಪ್ರತಿ ಹೆಜ್ಜೆಗೂ ಸ್ಕ್ರಿಪ್ಟಿನಲ್ಲಿ ಗುರುತು ಹಾಕುವುದು. ನಮ್ಮ ಮನೆಯವರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಆದರೆ ನನ್ನ ಗದ್ದಲದ ದೊಡ್ಡ ಪಾಲು ಊರಿನದಲ್ಲ, ನಮ್ಮ ಮನೆಯದೇ ಎಂದು ಗೊತ್ತಾಗಿದ್ದು ಹೀಗೆ. ವೈಫೈ ರೂಟರಿನ ಅಡಾಪ್ಟರ್ ಒಂದು, ಸೆಟ್-ಟಾಪ್ ಬಾಕ್ಸಿನದು ಇನ್ನೊಂದು.

ಮನೆಯಾಚೆ ಹುಡುಕಲು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಸಾಕು. ಒಳಗಿನ ಫೆರೈಟ್ ಕಡ್ಡಿಗೆ ದಿಕ್ಕಿನ ಜ್ಞಾನವಿದೆ. ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ತಿರುಗಿಸಿದರೆ ಗುರ್ ಎನ್ನುವುದು ಒಂದು ಕೋನದಲ್ಲಿ ಅಡಗುತ್ತದೆ, ಆಗ ಗದ್ದಲದ ಮೂಲವು ಕಡ್ಡಿಯ ತುದಿ ತೋರಿದ ಗೆರೆಯಲ್ಲಿರುತ್ತದೆ. ಅದನ್ನು ಹಿಡಿದು ಮೆಟ್ಟಿಲಲ್ಲಿ ಓಡಾಡುತ್ತಿದ್ದಾಗ ಎರಡನೇ ಮಹಡಿಯ ಆಂಟಿ ಬಾಗಿಲು ತೆರೆದು, "ಏನ್ ಹುಡುಕ್ತಿದೀರ? ಮೇಲೆ ವೈರ್ ಕಟ್ಟಿರೋದೂ ನೀವೇನಾ? ಅದರಿಂದ ನಮ್ ಟಿವಿಗೆ ತೊಂದ್ರೆ ಆಗಲ್ವಾ?" ಅಂದರು. "ಇಲ್ಲ ಆಂಟಿ, ನಿಮ್ ಟಿವಿಯಿಂದ ನನಗೇನಾದ್ರೂ ತೊಂದ್ರೆ ಇದೆಯಾ ಅಂತ ನೋಡ್ತಿದೀನಿ" ಅಂದೆ. ನಕ್ಕು ಒಳಗೆ ಕರೆದರು. ಚಿತ್ರದ ಪ್ರಿಂಟ್ ಜೊತೆಯಲ್ಲಿ ಇಟ್ಟುಕೊಳ್ಳಿ; ಅಸೋಸಿಯೇಷನ್ ಸೆಕ್ರೆಟರಿಗೆ ಕಾರಿಡಾರ್ ದೀಪ ಬದಲಿಸಿ ಎನ್ನುವಾಗ ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಮದ್ದು ಫೆರೈಟ್ ಎಂಬ ಕಾಂತೀಯ ಪಿಂಗಾಣಿಯ ರಿಂಗು; ವೈರನ್ನು ಅದಕ್ಕೆ ಸುತ್ತಿದರೆ ಅದರಲ್ಲಿ ಹರಿಯುವ ಗದ್ದಲಕ್ಕೆ ತಡೆ. ಎಸ್.ಪಿ. ರೋಡಿನಲ್ಲಿ ರಿಂಗು ಸಿಗುತ್ತವೆ, ಆದರೆ ಯಾವ ಮಿಕ್ಸ್ (ಫೆರೈಟಿನ ಬಗೆ) ಎಂದು ಅಂಗಡಿಯವರು ಹೇಳಲಾರರು. ನಮಗೆ ಬೇಕಾದದ್ದು 31ರಂಥದ್ದು. ಹಾಗಾಗಿ ಸ್ಯಾಂಪಲ್ ತಂದು, ವೈರು ಸುತ್ತಿ, ನ್ಯಾನೊವಿಎನ್‌ಎ ಎಂಬ ಪುಟ್ಟ ಅಳತೆ ಉಪಕರಣಕ್ಕೆ ಸರಣಿಯಲ್ಲಿ ಸಿಕ್ಕಿಸಿ ನೋಡಿದೆ. 50 ಓಮ್ ಜೋಡಣೆಯಲ್ಲಿ ಎಸ್21 (ಈ ಕಡೆಯಿಂದ ಆ ಕಡೆಗೆ ದಾಟುವ ಸಿಗ್ನಲ್) ಮೈನಸ್ 30 ಡಿಬಿ ತೋರಿಸಿದರೆ ಇಂಪೀಡೆನ್ಸ್, ಅಂದರೆ ತಡೆ, ಹೆಚ್ಚುಕಡಿಮೆ 3,000 ಓಮ್. ಅಷ್ಟು ಬಂದರೆ ಸಾಕು. ವೈರನ್ನು ಒಂದೇ ಸಲ ತೂರಿಸಿ ಕ್ಲಿಪ್ ಹಾಕಿದರೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಸುತ್ತು ಎರಡರಷ್ಟಾದರೆ ಇಂಪೀಡೆನ್ಸ್ ಸುಮಾರು ನಾಲ್ಕರಷ್ಟಾಗುತ್ತದೆ, ಆದ್ದರಿಂದ ಒಂದೇ ರಿಂಗಿನಲ್ಲಿ ಏಳೆಂಟು ಸುತ್ತು ಹಾಕಿ. ಅಡಾಪ್ಟರುಗಳಿಗಿಂತ ಹೆಚ್ಚು ಫಲ ಕೊಟ್ಟಿದ್ದು ಆಂಟೆನಾದಿಂದ ರೇಡಿಯೊಗೆ ಬರುವ ಕೋಆಕ್ಸ್ ಕೇಬಲಿಗೆ ಹಾಕಿದ ಇಂಥದೇ ಸುತ್ತು, ಚೋಕ್. ಎಂಡ್-ಫೆಡ್ ಆಂಟೆನಾದಲ್ಲಿ ಕೋಆಕ್ಸಿನ ಹೊರಕವಚವೂ ಆಂಟೆನಾದ ಭಾಗವಾಗಿ, ಮನೆಯೊಳಗಿನ ಕೊಳೆಯನ್ನೆಲ್ಲ ಟೆರೇಸಿಗೆ ಹೊತ್ತೊಯ್ಯುತ್ತದೆ.

ಇಷ್ಟಾದ ಮೇಲೆ ಲಾಭವಾಯಿತೋ ಇಲ್ಲವೋ ಎನ್ನಲು ಕಿವಿಯನ್ನು ನಂಬಲಿಲ್ಲ, ಸಣ್ಣ ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆಂದು ನೋಡುವ ವಿಸ್ಪರ್ (WSPR) ಹಚ್ಚಿದೆ. ಭೌತವಿಜ್ಞಾನಕ್ಕೆ 1993ರ ನೊಬೆಲ್ ಪಡೆದ ಜೋ ಟೇಲರ್ 2008ರಲ್ಲಿ ಕೊಟ್ಟ ವ್ಯವಸ್ಥೆ ಇದು: ಸಮ ಸಂಖ್ಯೆಯ ನಿಮಿಷಕ್ಕೆ ಶುರುವಾಗಿ 110.6 ಸೆಕೆಂಡು, ಬರೀ 6 ಹರ್ಟ್ಜ್ ಅಗಲದಲ್ಲಿ ಕಾಲ್‌ಸೈನ್ (ಸ್ಟೇಷನ್ನಿನ ಗುರುತು), ಗ್ರಿಡ್ (ಭೂಪಟದ ಚೌಕದ ಸಂಕೇತ), ಪವರ್ ಇಷ್ಟನ್ನೇ ಕಳಿಸುತ್ತದೆ. ಗಡಿಯಾರ ಸೆಕೆಂಡಿನೊಳಗೆ ಸರಿಯಿರಬೇಕು. ಕೇಳಿಸಿದ ಪ್ರತಿ ಸ್ಟೇಷನ್ನಿಗೂ ಸಿಗ್ನಲ್-ಗದ್ದಲದ ಅನುಪಾತ ಡಿಬಿಯಲ್ಲಿ ಸಿಗುತ್ತದೆ. ಆದರೆ ರೇಡಿಯೊ ಅಲೆಗಳನ್ನು ಭೂಮಿಗೆ ಮರಳಿಸುವ ಅಯಾನುಗೋಳ ದಿನಕ್ಕೊಂದು ಥರ, ನಿನ್ನೆ-ಇವತ್ತು ಹೋಲಿಸಿ ಫಲವಿಲ್ಲ. ಸಹಕಾರನಗರದಲ್ಲಿ ಸ್ವಂತ ಮನೆಯಿರುವ ಗೆಳೆಯರೊಬ್ಬರ ರಿಸೀವರನ್ನು ಅಳತೆಗೋಲು ಮಾಡಿಕೊಂಡೆ. 13 ಡಿಗ್ರಿ ಅಕ್ಷಾಂಶ ಬೆಂಗಳೂರನ್ನು ಸೀಳಿಕೊಂಡೇ ಹೋಗುವುದರಿಂದ ಅವರು ಎಂಕೆ83, ನಾನು ಎಂಕೆ82. ಗ್ರಿಡ್ ಬೇರೆ, ಆಕಾಶ ಒಂದೇ. ಒಂದೇ ಸ್ಲಾಟಿನಲ್ಲಿ ಒಂದೇ ಸ್ಟೇಷನ್ ಇಬ್ಬರಿಗೂ ಕೇಳಿಸಿದ್ದನ್ನು ಪೈಥಾನಿನ ಪಾಂಡಾಸ್‌ನಲ್ಲಿ ಜೋಡಿಸಿ, ವ್ಯತ್ಯಾಸದ ಮೀಡಿಯನ್ (ನಡುವಿನ ಅಂಕಿ) ತೆಗೆದೆ. ಸೂರ್ಯ ಮುಳುಗಿದ ನಂತರದ ಕೆಲವು ಗಂಟೆಗಳನ್ನು ಕೈಬಿಟ್ಟೆ. ಕಾಂತೀಯ ಸಮಭಾಜಕದ ಹತ್ತಿರವಿರುವ ನಮಗೆ ಆ ಹೊತ್ತಿನಲ್ಲಿ ಅಯಾನುಗೋಳ ಕದಡಿ ಸಿಗ್ನಲ್ ಅದುರುತ್ತದೆ, ವಿಸ್ಪರಿನ 1.46 ಹರ್ಟ್ಜ್ ಅಂತರದ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮೊದಲು ನಾನು ಅವರಿಗಿಂತ ಸುಮಾರು 10 ಡಿಬಿ ಹಿಂದಿದ್ದೆ, ಈಗ 3. ಆ 7 ಡಿಬಿ ಅಂದರೆ ಎದುರಿನ ಪ್ರತಿಯೊಬ್ಬರೂ ಪವರನ್ನು ಐದು ಪಟ್ಟು ಮಾಡಿದ ಹಾಗೆ, ಖರ್ಚು ರಿಂಗು ಮತ್ತು ಡಾಂಗಲಿನದು ಮಾತ್ರ.

ಸೋಲಾರ್ ಇನ್ವರ್ಟರ್ ಹಾಗೇ ಇದೆ. ಪ್ಯಾನೆಲಿನ ಪ್ಲಸ್, ಮೈನಸ್ ವೈರುಗಳನ್ನು ದೂರದೂರ ಎಳೆಯದೆ ಜೊತೆಜೊತೆಗೆ ಕಟ್ಟಿದರೆ ಅರ್ಧ ತಗ್ಗೀತು ಎಂದು ಆ ಕಟ್ಟಡದವರಿಗೆ ತೋರಿಸಿದ್ದೇನೆ, ಮಳೆ ಮುಗಿಯಲಿ ಎಂದಿದ್ದಾರೆ. ಲಿಫ್ಟಿಗೆ ಮದ್ದಿಲ್ಲ. ಸ್ಕ್ರಿಪ್ಟ್ ಈಗ ಕ್ರಾನ್‌ನಲ್ಲಿ (ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಓಡುತ್ತಲೇ ಇದೆ. ತಳ 3 ಡಿಬಿ ಏರಿದರೆ ಫೋನಿಗೆ ಮೆಸೇಜು ಬರುತ್ತದೆ. ದೀಪಾವಳಿಯ ಸೀರಿಯಲ್ ಸೆಟ್ಟುಗಳ ವಾರ ಮಾತ್ರ ಅದನ್ನು ಆಫ್ ಮಾಡಿಡುತ್ತೇನೆ.